ವಿಮೆಯವರಿಗೆ ಆರು ಫೋಟೊ

ಬರೆಯುವುದು ಸ್ಟೇಯ್ತ್ಸ್, ಊರವರ ಬಾಯಲ್ಲಿ ಸ್ಟಿಯರ್ಸ್.
ಮೊದಲ ದಿನವೇ ತಿದ್ದಿದರು.
ಯಾರ್ಕ್‌ಶೈರಿನ ನೆಲ ಮುಗಿದು ಇನ್ನೇನು ನೀರು ಅನ್ನುವಲ್ಲಿ
ಕೆಂಪು ಹೆಂಚು ಹೊದ್ದು ಒತ್ತೊತ್ತಾಗಿ ಕೂತ ಮನೆಗಳು,
ನಡುವೆ ಒಂದು ಹಳ್ಳ, ಹಳ್ಳದಲ್ಲಿ ಮಗ್ಗುಲಾದ ದೋಣಿ.

ನಾಲ್ಕು ದಿನಕ್ಕೆ ಒಂಬೈನೂರು ಪೌಂಡು.
ಊಟ ಬೇರೆ. ಮಂಜು ಬಿದ್ದರೆ ಹೊಣೆ ನಮ್ಮದಲ್ಲ.

ನಾಲ್ಕೂವರೆಗೆ ಎದ್ದು ಕೌಬಾರ್ ದಿಬ್ಬ ಹತ್ತಿ
ಹನ್ನೊಂದು ಟ್ರೈಪಾಡ್ ಊರಿದೆವು,
ಮೂರು ಕಾಲಿನ ಕೊಕ್ಕರೆಗಳು
ಒಂದೇ ಮೀನಿಗೆ ಕೊಕ್ಕು ಚಾಚಿ.
ಲೆಸ್ಟರಿನ ಹಸ್ಮುಖಭಾಯಿ, ನಿವೃತ್ತ ಬಸ್ ಚಾಲಕರು,
ಥರ್ಮಾಸಿನ ಮುಚ್ಚಳದಲ್ಲಿ ಚಹಾ ಹಂಚಿದರು.
ಬೆರಳು ಮರಗಟ್ಟಿ ಮುಚ್ಚಳ ಯಾವುದು ಕೈ ಯಾವುದು ತಿಳಿಯಲಿಲ್ಲ.

ಮುಂದಾಳು ಪಿಕರ್ಸ್‌ಗಿಲ್ ಗಡಿಯಾರ ನೋಡಿ ಹೇಳಿದ:
"ಆರೂ ಹನ್ನೆರಡಕ್ಕೆ ಬೆಳಕು, ಎಡದಿಂದ.
ಏಳು ನಿಮಿಷ ಇರುತ್ತೆ.
ಆಮೇಲೆ ಏನಿದ್ದರೂ ಬರೀ ಹಗಲು."

ಬರೀ ಹಗಲು!
ನಾನು ಬದುಕಿದ್ದೆಲ್ಲ ಅದರೊಳಗೇ,
ಬ್ರಾಡ್‌ಫರ್ಡಿನ ಔಷಧಿ ಅಂಗಡಿಯ ಗಾಜಿನ ಹಿಂದೆ
ಮಾತ್ರೆ ಎಣಿಸುತ್ತ, ಇಪ್ಪತ್ತಾರು ವರ್ಷ.

ಬಂತು ಬೆಳಕು. ಹೇಳಿದ ಹೊತ್ತಿಗೆ, ಹೇಳಿದ ಕಡೆಯಿಂದ.
ಪಂಚಮಿಗೆ ಜೋಳದ ಅರಳು ಹುರಿದ ಹಾಗೆ
ಹನ್ನೊಂದು ಕ್ಯಾಮೆರಾ ಚಟಪಟ.
ನೋಡಿದರೆ, ನಮ್ಮ ಹೋಟೆಲಿನ
ಬಿಸ್ಕತ್ತಿನ ಡಬ್ಬಿಯ ಮೇಲಿದ್ದ ಚಿತ್ರವೇ!
ಡಬ್ಬಿಯಲ್ಲಿ ಒಂದು ದೋಣಿ ಹೆಚ್ಚಿತ್ತು.

ಹಿಂದೆ ಬಿದ್ದೆ ನಾನು, ಬೇಕೆಂದೇ.
ಒಬ್ಬರು ಎದುರು ಬಂದರೆ ಇನ್ನೊಬ್ಬರು
ಗೋಡೆಗೆ ಒರಗಬೇಕಾದ ಗಲ್ಲಿ.
ಮೆಟ್ಟಿಲ ಮೇಲೆ ಏಡಿಯ ಬಲೆಗೆ ಹೊಲಿಗೆ ಹಾಕುತ್ತ
ಡೋರೀನ್ ವೆರಿಲ್, ಎಂಬತ್ತರ ಹತ್ತಿರ.
"ಕ್ಯಾಮೆರಾದವಳಲ್ಲವಾ ನೀನು? ಒಳಗೆ ಬಾ."

ಎದೆ ಒಮ್ಮೆ ಹಾರಿತು, ಸುಳ್ಳೇಕೆ.
ಆ ಮುಖದ ಗೆರೆಗಳು, ಕಿಟಕಿಯ ಓರೆ ಬೆಳಕು,
ಗೂಟಕ್ಕೆ ನೇತು ಹಾಕಿದ ಬಿಳಿ ಕುಲಾವಿ...
ಆಗಲೇ ಮನಸ್ಸಿನಲ್ಲಿ ಚೌಕಟ್ಟು ಹಾಕಿ
ಗೋಡೆಗೂ ಏರಿಸಿ ಆಗಿತ್ತು.
"ಇಲ್ಲಿ ಕೂರುತ್ತೀರಾ?" ಅಂದೆ.

"ನಂದಲ್ಲ ಮಾರಾಯ್ತಿ, ಗೋಡೇದು."

ಫೆಬ್ರುವರಿಯಲ್ಲಿ ಕಡಲು ಮನೆಗೆ ಬಂದಿತ್ತಂತೆ
ಬಾಗಿಲು ತಟ್ಟದೆ.
ಗುಲಾಬಿ ಹೂವಿನ ಕಾಗದ ಕಿತ್ತು ಜೋತಿತ್ತು,
ಗಾರೆಯ ಮೇಲೆ ಉಪ್ಪು ಬೂಷ್ಟಿನಂತೆ ಅರಳಿತ್ತು.
ವಿಮೆಯವರಿಗೆ ಆರು ಫೋಟೊ ಬೇಕು,
ಅವಳ ಫೋನಿನಲ್ಲಿ ಮಾತಾಡಬಹುದು, ಅಷ್ಟೇ.

ಪಿಕರ್ಸ್‌ಗಿಲ್ ಕಲಿಸಿದ್ದು ಯಾವುದೂ ನಡೆಯಲಿಲ್ಲ.
ಕಲೆಯನ್ನು ನಟ್ಟನಡುವೆ ಇಟ್ಟೆ.
ನೆರಳು ಬೀಳದಂತೆ ಅವಳ ಟೇಬಲ್ ಲ್ಯಾಂಪು ಹಿಡಿದೆ.
ಚೆಂದ ಕಾಣಿಸದಿರಲಿ ಎಂದು
ಇಷ್ಟು ಕಷ್ಟಪಟ್ಟದ್ದು ಇದೇ ಮೊದಲು;
ಚೆಂದ ಕಂಡರೆ ದುಡ್ಡು ಕಡಿಮೆಯಾದೀತು.

ಆರನೆಯದಕ್ಕೆ ಅವಳೇ ಬಗ್ಗಿದಳು,
ನೀರು ನಿಂತ ಎತ್ತರಕ್ಕೆ ಅಂಗೈ ಅಡ್ಡ ಹಿಡಿದು,
"ಇಲ್ಲೀವರೆಗೆ."
ಉಗುರಲ್ಲಿ ಡಾಂಬರು. ಒಂದು ಬೆರಳು ಮೊಂಡು.
ಒತ್ತಿದೆ.

ರಾತ್ರಿ ಪಬ್ಬಿನ ಮೇಲ್ಕೋಣೆಯಲ್ಲಿ
ಒಬ್ಬೊಬ್ಬರೂ ತಮ್ಮ ಒಳ್ಳೆಯದನ್ನು ಪರದೆಗೆ ಹಾಕಿದೆವು.
ನಾನು ಡಬ್ಬಿಯದನ್ನೇ ತೋರಿಸಿದೆ. ಚಪ್ಪಾಳೆ ಬಿತ್ತು.
ಹಸ್ಮುಖಭಾಯಿ ಮಾತ್ರ ಕೇಳಿದರು, ಎಲ್ಲಿಗೆ ಹೋಗಿದ್ದೆ ಬೆನ್, ಎರಡು ತಾಸು?

ಮೇ ತಿಂಗಳ ಕೊನೆಗೆ ಡೋರೀನಳ ಸೋದರಸೊಸೆಯ ಪತ್ರ:
ಅರ್ಧ ಕೊಟ್ಟರು. ಗಾರೆ ಆಗಿದೆ, ಬಣ್ಣ ಇನ್ನೂ ಇಲ್ಲ.
ಐದು ಫೋಟೊ ಒಪ್ಪಿದರು.
ಆರನೆಯದರ ಮುಂದೆ ಬರೆದಿದ್ದರಂತೆ: ಸಂಬಂಧವಿಲ್ಲ.

ಅದು ಈಗ ನನ್ನ ಕೌಂಟರಿನ ಹಿಂದಿದೆ,
ಕೆಮ್ಮಿನ ಸಿರಪ್ಪುಗಳ ಪಕ್ಕ, ಬರೀ ಹಗಲಲ್ಲಿ.
ಚೀಟಿ ಹಿಡಿದು ಕಾಯುವವರು ಕೇಳುತ್ತಾರೆ, ಯಾರ ಕೈ ಅದು?
ಹೆಸರು ಹೇಳಿದರೆ ಸಾಕಾಗುವುದಿಲ್ಲ.
ಹೊರಗೆ ಬಂದು, ಬಗ್ಗಿ,
ನನ್ನ ಮೊಣಕಾಲಿಗೆ ಅಂಗೈ ಅಡ್ಡ ಹಿಡಿದು
ತೋರಿಸುತ್ತೇನೆ, ಇಲ್ಲೀವರೆಗೆ.